ಕೆಂಪುಂಗುರದ ಬೀಜ

ಹೋದ ವರ್ಷ ಚಳಿಗಾಲಕ್ಕೆ ನಮ್ಮ ಊರಿನ ದಾರಿಯೇ ಮರೆತುಹೋಗಿತ್ತು. ಉಣ್ಣೆಯ ಟೋಪಿಗಳು ಗೂಟದಲ್ಲೇ ನೇತಾಡುತ್ತಿದ್ದವು. ಮಧ್ಯಾಹ್ನವಾಗುವಷ್ಟರಲ್ಲಿ ಜನ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ಶಾಲೆಯ ಗೋಡೆ ಪಕ್ಕದ ಮರ ಎರಡು ತಿಂಗಳು ಮೊದಲೇ ಹೂ ಬಿಟ್ಟು, ಒಂದು ಜೇನುನೊಣವೂ ಬಾರದೆ, ತಾನೊಂದೇ ನಿಂತಿತ್ತು. "ಈ ಸಲ ಚಳಿ ಇಲ್ಲ, ಒಳ್ಳೇದೇ ಆಯ್ತು ಬಿಡಿ" ಎಂದು ಎಲ್ಲರಿಗೂ ಖುಷಿ. ನಾನು ಮಾತ್ರ ಹಳೆಯ ವರ್ಷಗಳ ಅಂಕಿ ತೆಗೆದು ನೋಡುತ್ತಿದ್ದೆ.

ನನ್ನ ಕೆಲಸ ಅಂಥದ್ದು. ಊರಿಗೆ ನೀರು ಬಿಡುವ ಕೇಂದ್ರದಲ್ಲಿ ನಾನು ಹವೆ ಬರೆಯುವವಳು. ಬೆಳಿಗ್ಗೆ ಆರೂವರೆಗೆ ಅಂಗಳದಲ್ಲಿರುವ ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದು ಥರ್ಮಾಮೀಟರ್ ನೋಡುತ್ತೇನೆ, ಪುಸ್ತಕದಲ್ಲಿ ಬರೆಯುತ್ತೇನೆ, ಗೇಟಿನ ಹಲಗೆಯ ಮೇಲೂ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಹದಿಮೂರು ವರ್ಷದಿಂದ ಇದೇ ಕೆಲಸ. ಆ ಹಲಗೆಯನ್ನು ಯಾರಾದರೂ ಓದುತ್ತಾರೋ ಇಲ್ಲವೋ ಎಂದು ತಿಳಿಯಲು ಒಂದು ದಿನ ಬೇಕೆಂದೇ ತೊಂಬತ್ತು ಡಿಗ್ರಿ ಎಂದು ಬರೆದೆ. ಸಂಜೆಯವರೆಗೆ ಒಬ್ಬರೂ ಕೇಳಲಿಲ್ಲ. ನಾನೇ ಒರೆಸಿ ಮನೆಗೆ ಬಂದೆ.

ಬೀದಿಯವರು ನನ್ನನ್ನು ಡಿಗ್ರಿ ಅಕ್ಕ ಎನ್ನುತ್ತಾರೆ. ನನಗೆ ಗಂಡ, ಮಕ್ಕಳು ಇಲ್ಲ. ಒಂದು ಅಂಗಡಿಯ ಮೇಲಿನ ಒಂದೂವರೆ ಕೋಣೆಯಲ್ಲಿ ಇದ್ದೇನೆ. ಕೆಳಗಿನದು ಇಸ್ತ್ರಿ ಅಂಗಡಿ. ಅಲ್ಲಿ ಇಡೀ ದಿನ ಎರಡು ಇಸ್ತ್ರಿ ಪೆಟ್ಟಿಗೆಗಳು ಕಾಯುತ್ತಿರುತ್ತವೆ, ಆ ಕಾವು ಹಲಗೆಯ ನೆಲದ ಸಂದಿಯಿಂದ ನನ್ನ ಮನೆಗೂ ಬರುತ್ತದೆ. ಮಾತೂ ಬರುತ್ತದೆ. ಮೊದಲು ಎರಡು ದನಿ ಬರುತ್ತಿದ್ದವು, ಇಸ್ತ್ರಿ ಅಣ್ಣನದು ಒಂದು, ಅವರ ಹೆಂಡತಿಯದು ಇನ್ನೊಂದು. ಹಿಂದಿನ ಮಳೆಗಾಲದಲ್ಲಿ ಅವಳು ತೀರಿಕೊಂಡ ಮೇಲೆ ಒಂದೇ ದನಿ. ಆದರೂ ಆ ದನಿ ಪ್ರಶ್ನೆ ಕೇಳುತ್ತಿತ್ತು. "ಈ ಕಾಲರಿಗೆ ಗಂಜಿ ಹಾಕ್ಲಾ, ಬೇಡ್ವಾ?" ಅಂತ ಒಂದು ದಿನ. "ಬಾಗಿಲು ಹಾಕ್ಲಾ ಇನ್ನು?" ಅಂತ ಇನ್ನೊಂದು ದಿನ. ಯಾರನ್ನು ಕೇಳುತ್ತಾರೆ ಎಂದು ನಾನು ಒಮ್ಮೆ ಬಗ್ಗಿ ನೋಡಿದೆ. ಇಸ್ತ್ರಿ ಮೇಜಿನ ಮೇಲಿನ ಶೆಲ್ಫಿನಲ್ಲಿ, ಗಂಜಿ ಡಬ್ಬಿಯ ಪಕ್ಕ, ನೀಲಿ ಬಣ್ಣದ ಒಂದು ತಗಡಿನ ಡಬ್ಬಿ ಇತ್ತು. ಅದನ್ನು ಕೇಳುತ್ತಿದ್ದರು.

ಅದು ಅವಳ ಬೀಜದ ಡಬ್ಬಿ. ಅವಳನ್ನು ಬೀದಿಗೆ ಬೀದಿಯೇ ಹಿತ್ತಲಕ್ಕ ಎನ್ನುತ್ತಿತ್ತು. ಮನೆಯ ಹಿಂದೆ ನಾಲ್ಕು ಹಾಸಿಗೆ ಹಾಸುವಷ್ಟು ಜಾಗ, ಅಷ್ಟರಲ್ಲೇ ಬದನೆ, ಟೊಮ್ಯಾಟೊ, ಸೊಪ್ಪು, ಸೌತೆ ಎಲ್ಲ ಬೆಳೆಯುತ್ತಿದ್ದಳು. ಯಾರು ಕೇಳಿದರೂ ಬೀಜ ಕೊಡುತ್ತಿದ್ದಳು. ಒಂದನ್ನು ಮಾತ್ರ ಕೊಡುತ್ತಿರಲಿಲ್ಲ. ಅದು ಅವಳ ತಾಯಿ ಕೊಟ್ಟ ಬಳ್ಳಿ ಬೀನ್ಸಿನ ಬೀಜ. ಬಿಳಿ ಬೀಜ, ಅದರ ಕಣ್ಣಿನ ಸುತ್ತ ಕೆಂಪು ಉಂಗುರ. ಆ ಬೀಜ ನಮ್ಮ ಸಂತೆಯಲ್ಲಿ ಸಿಗುವುದಿಲ್ಲ, ಅಂಗಡಿಯ ಪೊಟ್ಟಣದಲ್ಲೂ ಸಿಗುವುದಿಲ್ಲ. ಪ್ರತಿ ವರ್ಷ ಬಿತ್ತಿ, ಪ್ರತಿ ವರ್ಷ ಬೀಜಕ್ಕೆಂದು ಎತ್ತಿಟ್ಟು, ಅವಳೊಬ್ಬಳೇ ಅದನ್ನು ಉಳಿಸಿಕೊಂಡು ಬಂದಿದ್ದಳು. ಅವಳು ಹೋದಾಗ ಡಬ್ಬಿಯಲ್ಲಿ ಅರವತ್ತು ಬೀಜ ಉಳಿದಿದ್ದವು.

ಹೂ ಬಿಟ್ಟ ಮರ ನೋಡಿದ ವಾರವೇ ಇಸ್ತ್ರಿ ಅಣ್ಣ ಡಬ್ಬಿ ತೆಗೆದರು.

ಅದು ರಜೆಯ ದಿನ. ಕಿಟಕಿಯಿಂದ ನೋಡುತ್ತೇನೆ, ಹಿತ್ತಲಲ್ಲಿ ಅಣ್ಣ ಮಂಡಿಯೂರಿ ಕೂತು ಬೆರಳಿನಿಂದ ಗುಂಡಿ ಮಾಡುತ್ತಿದ್ದಾರೆ. ಪಕ್ಕದಲ್ಲಿ ಮಗುಚಿದ ಬಕೆಟ್ ಮೇಲೆ ಕತ್ತರಿ ಕೂತಿದ್ದಾನೆ. ಕತ್ತರಿ ಎಂದರೆ ಹಿತ್ತಲಕ್ಕನ ತಮ್ಮ, ಬೀದಿಯ ತುದಿಯಲ್ಲಿ ಕ್ಷೌರದ ಅಂಗಡಿ ಇಟ್ಟವನು. ಅವನ ಕೈಗಿಂತ ಬಾಯಿ ಚುರುಕು.

"ಹಾಕಿ ಭಾವ, ಹಾಕಿ. ಎಲ್ಲರಿಗಿಂತ ಮೊದಲು ನಮ್ಮ ಮನೇಲೇ ಬೀನ್ಸ್! ಇಂಥ ಬಿಸಿಲು ಯಾವ ಚಳಿಗಾಲದಲ್ಲಿ ಬಂದಿತ್ತು?"

ನಾನು ಮೆಟ್ಟಿಲು ಇಳಿದು ಓಡಿದೆ. "ಅಣ್ಣಾ, ಬೇಡ. ಈಗಲೇ ಹಾಕಬೇಡಿ. ಇನ್ನೂ ಚಳಿ ಬರೋದಿದೆ."

"ಎಲ್ಲಿಂದ ಬರುತ್ತೆ? ಬಸ್ಸಲ್ಲಿ ಬರುತ್ತಾ?" ಎಂದ ಕತ್ತರಿ.

"ಹದಿಮೂರು ವರ್ಷ ಬರೆದಿದ್ದೀನಿ. ಎರಡು ಸಲ ಹೀಗೇ ನಡುವೆ ಬೆಚ್ಚಗಾಗಿತ್ತು. ಎರಡು ಸಲವೂ ಮೂರು ವಾರ ಬಿಟ್ಟು ಹಿಮ ಬಿತ್ತು. ಆಗ ನೆಟ್ಟಿದ್ದೆಲ್ಲ ಕಪ್ಪಾಗಿ ಹೋಯ್ತು."

ಇಸ್ತ್ರಿ ಅಣ್ಣ ತಲೆ ಎತ್ತಲಿಲ್ಲ. "ಅಕ್ಕ, ನಿಮ್ಮ ಪುಸ್ತಕ ನಿಮಗಿರ್ಲಿ. ನಂಗೆ ಚಳಿ ಇಲ್ಲ. ಹತ್ತು ದಿನ ಆಯ್ತು ಸ್ವೆಟರ್ ಬಿಚ್ಚಿ."

"ನೀವು ಇಡೀ ದಿನ ಇಸ್ತ್ರಿ ಮುಂದೆ ನಿಲ್ಲೋರು. ನಿಮಗೆ ಯಾವತ್ತು ಚಳಿ ಆಗಿದೆ ಹೇಳಿ?"

ಕತ್ತರಿ ಜೋರಾಗಿ ನಕ್ಕ. ಅಣ್ಣ ನಗಲಿಲ್ಲ. "ಅವಳು ಇದ್ದಿದ್ರೆ ಹಾಕ್ತಿದ್ಳು" ಎಂದರು. ಅಷ್ಟು ಹೊತ್ತಿಗೆ ನಲವತ್ತು ಬೀಜ ಮಣ್ಣು ಸೇರಿದ್ದವು.

ಆ ರಾತ್ರಿ ಕೆಳಗಿನ ಮನೆಯಿಂದ ಒಂದು ಪ್ರಶ್ನೆಯೂ ಕೇಳಿಬರಲಿಲ್ಲ. ನನಗೆ ಸಿಟ್ಟೂ ಬಂದಿತ್ತು, ಸಂಕಟವೂ ಆಗಿತ್ತು. ಮಲಗಿದಾಗ ಒಂದು ವಿಷಯ ನೆನಪಾಯಿತು. ಪ್ರತಿ ವರ್ಷ ಬಿತ್ತನೆಯ ದಿನಗಳಲ್ಲಿ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಹಿತ್ತಲಕ್ಕ ಬರಿಗಾಲಲ್ಲಿ ಮಣ್ಣಿನ ಮೇಲೆ ನಿಂತಿರುತ್ತಿದ್ದಳು. ಕಣ್ಣು ಮುಚ್ಚಿ, ತುಟಿ ಆಡಿಸುತ್ತ. ಮಾರನೆಯ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಹೋಗಿ ಅಣ್ಣನ ಬಾಗಿಲು ತಟ್ಟಿದೆ.

"ಹಿತ್ತಲಕ್ಕ ಬೆಳಿಗ್ಗೆ ಬರಿಗಾಲಲ್ಲಿ ಹಿತ್ತಲಲ್ಲಿ ನಿಲ್ತಿದ್ದಿದ್ದು ನೋಡಿದ್ದೀರಾ?"

"ನೋಡಿದ್ದೀನಿ. ಪ್ರಾರ್ಥನೆ ಮಾಡ್ತಾಳೆ ಅಂದ್ಕೊಂಡಿದ್ದೆ."

"ಪ್ರಾರ್ಥನೆ ಅಲ್ಲ. ಎಣಿಸ್ತಿದ್ಳು. ನಾನು ಒಂದು ದಿನ ಕೇಳ್ದೆ. ಕಾಲು ಮರಗಟ್ಟದೆ ನೂರು ಎಣಿಸೋಕಾದ್ರೆ ಮಾತ್ರ ಬೀನ್ಸ್ ಹಾಕ್ತೀನಿ ಅಂದ್ಳು. ಗಾಳಿ ಬೆಚ್ಚಗಿದ್ರೆ ಸಾಲದಂತೆ, ಮಣ್ಣು ಬೆಚ್ಚಗಿರಬೇಕಂತೆ."

ಅಣ್ಣ ನನ್ನನ್ನೇ ನೋಡಿದರು. ಮೂವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯ ವಿಷಯವನ್ನು ಮೇಲಿನ ಮನೆಯವಳ ಬಾಯಲ್ಲಿ ಕೇಳಬೇಕಾಗಿ ಬಂದದ್ದು ಅವರಿಗೆ ನೋವಾಯಿತು ಎಂದು ಮುಖ ನೋಡಿಯೇ ಗೊತ್ತಾಯಿತು. ಅವರು ಚಪ್ಪಲಿ ಬಿಟ್ಟರು. ನಾನೂ ಬಿಟ್ಟೆ. ಇಬ್ಬರೂ ಅವಳ ಹಿತ್ತಲಲ್ಲಿ ನಿಂತು ಎಣಿಸತೊಡಗಿದೆವು. ಇಬ್ಬರು ನಡುವಯಸ್ಸಿನವರು ಬೆಳಕು ಹರಿಯುವ ಮೊದಲು ಮಣ್ಣಿನಲ್ಲಿ ನಿಂತು ಲೆಕ್ಕ ಒಪ್ಪಿಸುವುದನ್ನು ಯಾರಾದರೂ ನೋಡಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ನೋಡಲು ಯಾರೂ ಇರಲಿಲ್ಲ. ಮೂವತ್ತೊಂದಕ್ಕೆ ಅಣ್ಣ ನಿಂತುಬಿಟ್ಟರು. ಅವರ ಕಾಲ್ಬೆರಳು ಬಿಳಿಚಿಕೊಂಡಿದ್ದವು.

"ಅಯ್ಯೋ" ಎಂದರು. "ಇದರೊಳಗೆ ಇಟ್ಟೆನಲ್ಲ ಅವನ್ನ."

"ಈಗಲೇ ಹೊರಗೆ ತೆಗೀರಿ ಅಣ್ಣ. ಒಣಗಿಸಿ ನೋಡೋಣ."

"ಇಲ್ಲ ಅಕ್ಕ. ಅವಳ ಬೀಜ ಹೂತು, ಮತ್ತೆ ಅಗೆದು... ನನ್ನ ಕೈಲಾಗಲ್ಲ."

ಎರಡು ವಾರವಾಯಿತು. ಮಣ್ಣಿನ ಮೇಲೆ ಒಂದು ಹಸಿರು ಚುಕ್ಕೆಯೂ ಕಾಣಲಿಲ್ಲ. ಮೂರನೆಯ ವಾರ ಚಳಿ ಬಂತು. ಬಸ್ಸಲ್ಲಿ ಬರಲಿಲ್ಲ, ಒಂದು ಸಂಜೆ ಗಾಳಿ ದಿಕ್ಕು ಬದಲಿಸಿದ್ದೇ ತಡ ಬಂದುಬಿಟ್ಟಿತು. ಬೆಳಿಗ್ಗೆ ಬಿಳಿ ಪೆಟ್ಟಿಗೆ ತೆಗೆದರೆ ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ. ಬಕೆಟ್ಟಿನ ನೀರಿನ ಮೇಲೆ ಗಾಜಿನಂಥ ಪದರ. ಶಾಲೆಯ ಮರದ ಹೂವೆಲ್ಲ ಕಂದುಬಣ್ಣಕ್ಕೆ ತಿರುಗಿ ನೆಲಕ್ಕೆ ಬಿದ್ದಿತ್ತು.

ಆಗ ಇಸ್ತ್ರಿ ಅಣ್ಣ ಮಾಡಿದ್ದನ್ನು ಬೇರೆ ಯಾರೂ ಮಾಡಲಾರರು. ಸಂಜೆ ಅಂಗಡಿ ಮುಚ್ಚುವ ಮೊದಲು ಹಳೆಯ ಹಾಸಿಗೆ ಬಟ್ಟೆಗಳನ್ನು ತೆಗೆದು, ಎರಡೂ ಇಸ್ತ್ರಿಗಳನ್ನು ಚೆನ್ನಾಗಿ ಕಾಯಿಸಿ, ಬಟ್ಟೆಯನ್ನು ಬಿಸಿಬಿಸಿಯಾಗಿ ಮಡಚಿ, ಎದೆಗೆ ಅವುಚಿಕೊಂಡು ಓಡಿಹೋಗಿ ಬೀಜ ಹಾಕಿದ ಜಾಗಕ್ಕೆ ಹೊದಿಸುತ್ತಿದ್ದರು. ಹಾಗೆ ಆರು ಸಂಜೆ ಮಾಡಿದರು. ನಾನು ಮೇಲಿನಿಂದ ನೋಡುತ್ತಿದ್ದೆ. ಬಟ್ಟೆಯಿಂದ ಹಬೆ ಏಳುತ್ತಿತ್ತು, ಎರಡು ನಿಮಿಷಕ್ಕೆ ನಿಂತುಹೋಗುತ್ತಿತ್ತು. ಕತ್ತರಿಯೂ ಒಂದು ಸಂಜೆ ಬಂದ. ತಮಾಷೆ ಮಾಡಲು ಬಾಯಿ ತೆರೆದವನು ಭಾವನ ಮುಖ ನೋಡಿ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡ.

ಏಳನೆಯ ದಿನ ಅಣ್ಣನೇ ಮಣ್ಣು ಕೆದಕಿದರು. ಮೊದಲ ಗುಂಡಿಯ ಬೀಜ ಬೆರಳಿಗೆ ಗಂಜಿಯ ಹಾಗೆ ಅಂಟಿತು. ಎರಡನೆಯದೂ ಅಷ್ಟೆ. ನಲವತ್ತಕ್ಕೆ ನಲವತ್ತೂ ಕೊಳೆತಿದ್ದವು.

"ಎಲ್ಲ ನನ್ನಿಂದ ಆಯ್ತು ಭಾವ. ಹಾಕಿ ಹಾಕಿ ಅಂತ ಬಡ್ಕೊಂಡಿದ್ದು ನಾನೇ" ಎಂದ ಕತ್ತರಿ. "ನಮ್ಮಮ್ಮ ನನಗೂ ಕೊಟ್ಟಿದ್ರು ಒಂದು ಮುಷ್ಟಿ. ಹುರಿದು ತಿಂದ್ಬಿಟ್ಟೆ. ಅದನ್ನ ಅಕ್ಕ ಸಾಯೋವರೆಗೂ ನನ್ನ ಮುಂದೆ ಆಡ್ತಿದ್ಳು."

"ಇನ್ನೂ ಇಪ್ಪತ್ತು ಇವೆಯಲ್ಲ" ಎಂದೆ ನಾನು. "ಹೆದರಬೇಡಿ ಅಣ್ಣ. ಆದ್ರೆ ಈ ಸಲ ಮಣ್ಣಿಗೆ ಹಾಕೋ ಮುಂಚೆ ಜೀವ ಇದೆಯಾ ಅಂತ ನೋಡೋಣ. ಹತ್ತು ಬೀಜ ತೆಗೀರಿ. ಹತ್ತಿ ಬಟ್ಟೆ ಒದ್ದೆ ಮಾಡಿ, ಹಿಂಡಿ, ಅದರಲ್ಲಿ ಸುತ್ತಿಡೋಣ. ನೀರು ತೊಟ್ಟಿಕ್ಕಬಾರದು, ಒಣಗಲೂಬಾರದು. ಮನೆಯೊಳಗೆ ಬೆಚ್ಚಗಿನ ಮೂಲೇಲಿ ಇಟ್ರೆ ವಾರದೊಳಗೆ ಮೊಳಕೆ ಬರುತ್ತೆ. ಹತ್ತರಲ್ಲಿ ಏಳೆಂಟು ಬಂದ್ರೆ ಬೀಜ ಚೆನ್ನಾಗಿದೆ ಅಂತ. ಮೂರೋ ನಾಲ್ಕೋ ಬಂದ್ರೆ ಒತ್ತೊತ್ತಾಗಿ ಹಾಕಬೇಕು."

"ಒಂದೂ ಬರದಿದ್ರೆ?"

"ಬರುತ್ತೆ ಅಣ್ಣ."

ಅಷ್ಟು ಧೈರ್ಯವಾಗಿ ಹೇಳಬಾರದಿತ್ತು. ಯಾರದೋ ಕರವಸ್ತ್ರವನ್ನು ಒದ್ದೆ ಮಾಡಿ ಹತ್ತು ಬೀಜ ಸುತ್ತಿಟ್ಟೆವು. ದಿನವೂ ಸಂಜೆ ನಾನು ಇಳಿದು ಹೋಗುತ್ತಿದ್ದೆ, ಅಣ್ಣ ಗಂಟು ಬಿಚ್ಚುತ್ತಿದ್ದರು, ಇಬ್ಬರೂ ನೋಡಿ ಮತ್ತೆ ಕಟ್ಟುತ್ತಿದ್ದೆವು. ನಿಜ ಹೇಳುತ್ತೇನೆ, ವರ್ಷಗಟ್ಟಲೆ ನನಗೆ ಸಂಜೆ ಹೋಗಿ ಬರಲು ಒಂದು ಮನೆ ಅಂತ ಇರಲಿಲ್ಲ. ಆ ಎಂಟು ದಿನ ಇತ್ತು. ಎಂಟನೆಯ ದಿನ ಬೀಜದ ಸಿಪ್ಪೆ ಲೋಳೆಯಾಗಿ ಬಿಟ್ಟುಕೊಂಡಿತು. ಮೊಳಕೆ ಒಂದೂ ಇರಲಿಲ್ಲ. ಉಳಿದ ಹತ್ತನ್ನೂ ಹಾಗೇ ಸುತ್ತಿಟ್ಟು ನೋಡಿದೆವು. ಅವೂ ಅಷ್ಟೇ.

ಹೊರಗೆ ಹಿಮ ಬಿದ್ದು ನಲವತ್ತು ಹೋದವು, ಸರಿ. ಮನೆಯೊಳಗಿದ್ದ ಇಪ್ಪತ್ತು ಯಾಕೆ ಹೋದವು? ನನಗೆ ತಿಳಿಯಲಿಲ್ಲ. ಖಾಲಿ ಡಬ್ಬಿಯನ್ನು ಕೆಳಗಿಳಿಸಲು ಶೆಲ್ಫಿಗೆ ಕೈ ಚಾಚಿದೆ. ಡಬ್ಬಿ ಬೆಚ್ಚಗಿತ್ತು. ಮುಚ್ಚಳದ ಒಳಗೆ ಸಣ್ಣ ಸಣ್ಣ ನೀರಿನ ಹನಿ.

"ಅಣ್ಣ, ಇದು ಯಾವಾಗಿನಿಂದ ಇಲ್ಲಿದೆ?" ಎಂದು ಕೇಳಿಬಿಟ್ಟೆ.

"ಅವಳು ಹೋದಾಗಿನಿಂದ. ಮೊದಲು ಮೆಟ್ಟಿಲ ಕೆಳಗೆ ಕತ್ತಲಲ್ಲಿ ಇಡ್ತಿದ್ಳು. ತಣ್ಣಗೆ, ಒಬ್ಬಂಟಿಯಾಗಿ ಅಲ್ಯಾಕೆ ಇರಬೇಕು ಅನ್ನಿಸ್ತು. ಕಣ್ಮುಂದೆ ಇರ್ಲಿ ಅಂತ ಇಲ್ಲಿಟ್ಟೆ. ಮಾತಾಡೋಕಾಗುತ್ತೆ ಅಂತ..."

ಅವರು ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಮುಚ್ಚಳ ನೋಡಿದರು. ಕೆಳಗೆ ಇಸ್ತ್ರಿ ನೋಡಿದರು. ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಒತ್ತಿದಾಗಲೆಲ್ಲ ಹಬೆ ನೇರವಾಗಿ ಎಲ್ಲಿಗೆ ಹೋಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿನಕ್ಕೆ ಹತ್ತು ಗಂಟೆ, ತಿಂಗಳುಗಟ್ಟಲೆ. ಕಾವು ಮತ್ತು ತೇವ ಎರಡೂ ಸೇರಿದರೆ ಬೀಜದ ಜೀವ ಹೋಗುತ್ತದೆ. ನಲವತ್ತು ಬೀಜವೂ ಮಣ್ಣಿಗೆ ಹೋಗುವ ಮೊದಲೇ ಸತ್ತಿದ್ದವು.

"ನಾನೇ ಬೇಯಿಸಿಬಿಟ್ಟೆ" ಎಂದರು ಇಸ್ತ್ರಿ ಅಣ್ಣ. "ಜೊತೆಗಿರ್ಲಿ ಅಂತ ಇಟ್ಕೊಂಡು ನಾನೇ ಬೇಯಿಸಿಬಿಟ್ಟೆ."

ಅವರು ಅತ್ತರು. ಹೆಂಡತಿ ಸತ್ತ ದಿನ ಬೀದಿಯವರ ಮುಂದೆ ಅಳದ ಮನುಷ್ಯ. ನಾನು ಇಸ್ತ್ರಿ ಮೇಜಿನ ಈ ಕಡೆ ಕಂಬದ ಹಾಗೆ ನಿಂತಿದ್ದೆ. ನನ್ನ ಬಾಯಿಗೂ ಒಂದು ಬೀಗ ಬಿದ್ದಿತ್ತು, ಮೂರು ವರ್ಷದ ಹಳೆಯ ಬೀಗ.

ಓದುವವರೇ, ಈಗ ನನ್ನ ತಪ್ಪು ಹೇಳುತ್ತೇನೆ. ಇಲ್ಲಿಯವರೆಗೆ ಎಲ್ಲ ಗೊತ್ತಿರುವವಳ ಹಾಗೆ ಬರೆದೆನಲ್ಲ, ಅದಕ್ಕೆ.

ಹಿತ್ತಲಕ್ಕ ಆ ಬೀಜವನ್ನು ಯಾರಿಗೂ ಕೊಡುತ್ತಿರಲಿಲ್ಲ ಎಂದೆ. ಒಬ್ಬರಿಗೆ ಕೊಟ್ಟಿದ್ದಳು. ಮೂರು ವರ್ಷದ ಹಿಂದೆ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, ಒಂದು ಬೆಂಕಿಪೊಟ್ಟಣ ಕೈಗಿಟ್ಟು, "ನೀನು ಒಂದು ಅಂಕಿ ಕೂಡ ಕಳೆಯೋಳಲ್ಲ. ಇನ್ನೊಂದು ಕಡೆ ಇದ್ರೆ ನಂಗೂ ಧೈರ್ಯ. ಯಾರಿಗೂ ಹೇಳ್ಬೇಡ, ಎಲ್ಲರೂ ಕೇಳ್ತಾರೆ. ನಿನ್ನ ಕಚೇರಿ ಹಿಂದೆ ಜಾಗ ಇದೆಯಲ್ಲ, ಅಲ್ಲಿ ಹಾಕು" ಎಂದಿದ್ದಳು. ನಾನು ಹಾಕಲಿಲ್ಲ. ಒಬ್ಬಳಿಗೋಸ್ಕರ ಯಾರು ಅಗೆಯುತ್ತಾರೆ, ಒಬ್ಬಳಿಗೋಸ್ಕರ ಯಾರು ಬೇಯಿಸುತ್ತಾರೆ ಎಂದುಕೊಂಡೆ. ಬೆಂಕಿಪೊಟ್ಟಣ ಕಚೇರಿಯ ಡ್ರಾಯರಿಗೆ ಹೋಯಿತು. ಮುಂದಿನ ವರ್ಷ ಅವಳು ಕೇಳಿದಳು, "ಹಾಕಿದ್ಯಾ?" ನಾನು, "ಹಾಕಿದೆ ಅಕ್ಕ, ಚೆನ್ನಾಗಿ ಬಂತು" ಎಂದೆ. ಅದರ ಮುಂದಿನ ವರ್ಷ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಳು, ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಆಗಲೂ ಕೇಳಿದಳು, "ಹಾಕಿದ್ಯಾ?" "ಬುಟ್ಟಿ ತುಂಬ ಬಂತು ಅಕ್ಕ" ಎಂದೆ. ಅವಳು ನನ್ನ ಕೈ ಒತ್ತಿ ನಕ್ಕಳು. ಆ ನಗು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಇಸ್ತ್ರಿ ಅಣ್ಣ ಅಳುವಾಗ ನಾನು ಸುಮ್ಮನಿರಬಹುದಿತ್ತು. ನಾಳೆ ಬೆಂಕಿಪೊಟ್ಟಣ ತಂದು, "ನಾನು ಬೆಳೆದದ್ದು" ಎಂದು ಕೊಟ್ಟರೆ ಅವರು ನನ್ನ ಕಾಲಿಗೇ ಬೀಳುತ್ತಿದ್ದರು. ಆ ಯೋಚನೆ ಬಂತು, ಬರಲಿಲ್ಲ ಎಂದರೆ ಅದೂ ಇನ್ನೊಂದು ಸುಳ್ಳು. ಆದರೆ ಖಾಲಿ ಡಬ್ಬಿ ನನ್ನ ಮುಂದೆಯೇ ಇತ್ತು. ಎಲ್ಲ ಹೇಳಿಬಿಟ್ಟೆ.

ಅಣ್ಣ ಬೈಯುತ್ತಾರೆ, ಮೆಟ್ಟಿಲು ತುಳಿಯಬೇಡ ಎನ್ನುತ್ತಾರೆ ಎಂದು ಕಾದೆ. ಮುಖ ಒರೆಸಿಕೊಂಡು ಒಂದೇ ಕೇಳಿದರು.

"ಆ ಡ್ರಾಯರ್ ಬಿಸಿ ಇರುತ್ತಾ?"

"ಇಲ್ಲ ಅಣ್ಣ. ಕಲ್ಲಿನ ಕೋಣೆ. ಬಿಸಿಲು ಬೀಳಲ್ಲ, ತೇವ ಇಲ್ಲ. ಥರ್ಮಾಮೀಟರ್ ಇಡೋ ಡ್ರಾಯರ್ ಅದು."

"ನಡೀರಿ."

ಅಂಗಡಿಗೆ ಬೀಗ ಹಾಕಿ, ಇಬ್ಬರೂ ಸಂಜೆಯ ಬೆಳಕಿನಲ್ಲೇ ನೀರಿನ ಕೇಂದ್ರಕ್ಕೆ ನಡೆದೆವು. ಬೆಂಕಿಪೊಟ್ಟಣದಲ್ಲಿ ಹದಿನಾಲ್ಕು ಬೀಜ. ಹದಿನಾಲ್ಕಕ್ಕೂ ಕೆಂಪುಂಗುರ. ಅಣ್ಣ ಒಂದೊಂದನ್ನೇ ಅಂಗೈ ಮೇಲೆ ಹೊರಳಿಸಿ ನೋಡಿದರು.

ಇರುವುದೇ ಹದಿನಾಲ್ಕು. ಐದನ್ನು ಮಾತ್ರ ಬಟ್ಟೆಯಲ್ಲಿ ಕಟ್ಟಿದೆವು. ಆರನೆಯ ದಿನ ಗಂಟು ಬಿಚ್ಚಿದಾಗ ಕತ್ತರಿಯೂ ಇದ್ದ, ಯಾರದೋ ಅರ್ಧ ಗಡ್ಡ ಹಾಗೇ ಬಿಟ್ಟು ಓಡಿಬಂದಿದ್ದ. ಐದರಲ್ಲಿ ನಾಲ್ಕು ಬೀಜದಿಂದ ಬೆಳ್ಳಗಿನ ಸಣ್ಣ ಬೇರು ಹೊರಗೆ ಬಂದಿತ್ತು.

"ಭಾವ, ಈಗ ಹಾಕೋಣ್ವಾ?" ಎಂದ ಕತ್ತರಿ.

"ಮೊದಲು ಚಪ್ಪಲಿ ಬಿಡು" ಎಂದರು ಅಣ್ಣ. "ನೂರು ಎಣಿಸು."

ಕತ್ತರಿ ನಲವತ್ತಕ್ಕೆ ಕುಣಿಯತೊಡಗಿದ. ಮೊಳಕೆ ಬಂದ ನಾಲ್ಕನ್ನು ತಳದಲ್ಲಿ ತೂತು ಮಾಡಿದ ಕಾಗದದ ಲೋಟಗಳಲ್ಲಿ ಮಣ್ಣು ತುಂಬಿ ಇಟ್ಟೆವು, ಅಂಗಡಿಯ ಕಿಟಕಿಯ ಹತ್ತಿರ. ಇಸ್ತ್ರಿಯಿಂದ ದೂರ, ಅಣ್ಣ ಅಳತೆಪಟ್ಟಿ ಹಿಡಿದು ಅಳೆದು ಇಟ್ಟರು. ಉಳಿದ ಒಂಬತ್ತು ನೀಲಿ ಡಬ್ಬಿಯಲ್ಲಿ ಮೆಟ್ಟಿಲ ಕೆಳಗಿನ ಕತ್ತಲೆಗೆ ವಾಪಸು ಹೋದವು. ಅಷ್ಟರಲ್ಲಿ ಗೇಟಿನ ಹಲಗೆಯ ಮುಂದೆ ದಿನವೂ ಬೆಳಿಗ್ಗೆ ಒಬ್ಬ ಓದುಗರು ನಿಲ್ಲತೊಡಗಿದರು. ಬಟ್ಟೆಯ ಗಂಟು ಹೆಗಲ ಮೇಲೆ ಹೊತ್ತು, ಅಂಕಿ ಓದಿ, "ನಿನ್ನೆಗಿಂತ ಒಂದು ಜಾಸ್ತಿ ಅಲ್ವಾ ಅಕ್ಕ?" ಎನ್ನುತ್ತಿದ್ದರು. ಅಂಕಿ ತಪ್ಪಾಗಬಾರದು ಎಂದು ನಾನು ಎರಡೆರಡು ಸಲ ನೋಡಿ ಬರೆಯುತ್ತಿದ್ದೆ.

ಐದು ವಾರ ಕಾದೆವು. ಒಂದು ಬೆಳಿಗ್ಗೆ ಅಣ್ಣ ನೂರು ಎಣಿಸಿದರು. ನಾನೂ ನೂರು ಎಣಿಸಿದೆ. ಲೋಟದ ಗಿಡಗಳನ್ನು ಅಣ್ಣನ ಹಿತ್ತಲಲ್ಲಿ ನೆಟ್ಟೆವು. ಉಳಿದ ಒಂಬತ್ತನ್ನು ಒಂದೇ ಸಲ ಹಾಕಲಿಲ್ಲ. ಮೂರು ಈಗ, ಮೂರು ಹತ್ತು ದಿನ ಬಿಟ್ಟು. ಕೊನೆಯ ಮೂರು ಡಬ್ಬಿಯಲ್ಲೇ ಇರಲಿ, ಹವೆ ಮತ್ತೆ ಕೈಕೊಟ್ಟರೆ ಬೇಕಲ್ಲ ಎಂದುಕೊಂಡೆವು. ಬಿತ್ತಿದ ಆರರಲ್ಲಿ ಅರ್ಧವನ್ನು ನನ್ನ ಕಚೇರಿಯ ಹಿಂದಿನ ಜಾಗದಲ್ಲಿ, ಮೂರು ವರ್ಷದ ಕಳೆ ಕಿತ್ತು ಹಾಕಿದೆ. ಮೊದಲು ಬಂದ ಕಾಯಿಗಳನ್ನು ಯಾರೂ ತಿನ್ನಲಿಲ್ಲ. ಬಳ್ಳಿಯಲ್ಲೇ ಒಣಗಲು ಬಿಟ್ಟೆವು. ಕತ್ತರಿ ಮಾತ್ರ ದಿನವೂ ಬಂದು ಆಸೆಗಣ್ಣಿನಿಂದ ನೋಡಿ, ಕೈ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದ.

ಈಗ ನಾನು ಬೀದಿಗೆಲ್ಲ ಬುದ್ಧಿ ಹೇಳುವವಳಾಗಿದ್ದೇನೆ, ಬೀದಿಯವರು ಸೇರಿ ಕಟ್ಟಿದ ಹಿತ್ತಲು ಸಂಘದ ಈ ಕರಪತ್ರವನ್ನೂ ನನ್ನ ಕೈಯಲ್ಲೇ ಬರೆಸಿದ್ದಾರೆ. ನನ್ನ ಡ್ರಾಯರಿನಿಂದ ಬೀಜ ಉಳಿಯಿತು ಎಂದು ಯಾರಾದರೂ ಹೊಗಳಿದರೆ ನನಗೆ ನಾಚಿಕೆಯಾಗುತ್ತದೆ. ಅದು ಸೋಮಾರಿತನ, ಅದೃಷ್ಟ ಕೈ ಹಿಡಿಯಿತು ಅಷ್ಟೆ. ಇನ್ನೂ ಕೆಲವು ವರ್ಷ ಹಾಗೇ ಬಿಟ್ಟಿದ್ದರೆ ಅಲ್ಲೂ ಜೀವ ಹೋಗುತ್ತಿತ್ತು. ಬೀಜ ಉಳಿದದ್ದು ಹಿತ್ತಲಕ್ಕ ಅದನ್ನು ಇನ್ನೊಂದು ಮನೆಗೆ ಕೊಟ್ಟಿದ್ದಳು ಎನ್ನುವ ಒಂದೇ ಕಾರಣಕ್ಕೆ.

ಇನ್ನು ನಿಮ್ಮ ಮಾತು. ಈ ಸಲವೂ ಚಳಿಗಾಲದ ನಡುವೆ ಬಿಸಿಲು ಜೋರಾಗಿದೆ, ನಿಮಗೂ ಕೈ ತುರಿಸುತ್ತಿರಬಹುದು. ಸ್ವಲ್ಪ ತಡೆಯಿರಿ. ನಿಮ್ಮ ಬೀಜದ ಡಬ್ಬಿ ಎಲ್ಲಿದೆ ಎಂದು ಇವತ್ತೇ ನೋಡಿ. ಒಲೆಯ ಮೇಲೋ, ಕಿಟಕಿಯ ಬಿಸಿಲಲ್ಲೋ, ನೀರಿನ ಕೊಳಾಯಿಯ ಪಕ್ಕದಲ್ಲೋ ಇದ್ದರೆ ತೆಗೆದು ತಣ್ಣಗಿನ, ಒಣಗಿದ, ಕತ್ತಲೆಯ ಜಾಗದಲ್ಲಿಡಿ. ಹಳೆಯ ಬೀಜವಾದರೆ ಹತ್ತನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿ. ಬೆಳಿಗ್ಗೆ ಬರಿಗಾಲಲ್ಲಿ ಮಣ್ಣಿನ ಮೇಲೆ ನಿಂತು ನೂರು ಎಣಿಸಿ, ಕಾಲು ಮರಗಟ್ಟಿದರೆ ಇನ್ನೂ ಕಾಯಿರಿ. ಕಾದ ಮೇಲೂ ಎಲ್ಲವನ್ನೂ ಒಂದೇ ದಿನ ಹಾಕಿ ಮುಗಿಸಬೇಡಿ. ಎಣಿಸುವಾಗ ಒಬ್ಬರೇ ನಿಲ್ಲಬೇಕೆಂದೇನೂ ಇಲ್ಲ. ನಿಮ್ಮ ಬೀದಿಯಲ್ಲೂ ಡಬ್ಬಿಯ ಜೊತೆ ಮಾತಾಡುವವರು ಒಬ್ಬರಾದರೂ ಇದ್ದಾರೆ, ಅವರ ಬಾಗಿಲು ತಟ್ಟಿ ಕರೆಯಿರಿ.

ಈ ಕರಪತ್ರದ ಹಿಂದೆ ಒಂದು ಸಣ್ಣ ಕಾಗದದ ಪೊಟ್ಟಣ ಅಂಟಿಸಿದ್ದೇವೆ. ಪೊಟ್ಟಣ ಮಡಚಿದವರು ಇಸ್ತ್ರಿ ಅಣ್ಣ, ಅದಕ್ಕೇ ಮಡಿಕೆ ಅಷ್ಟು ನೇರವಾಗಿದೆ. ಒಳಗೆ ಐದು ಬೀಜಗಳಿವೆ, ಬಿಳಿ ಬೀಜ, ಕಣ್ಣಿನ ಸುತ್ತ ಕೆಂಪುಂಗುರ. ನಾಲ್ಕು ನಿಮಗೆ. ಒಂದನ್ನು ಇನ್ನೊಂದು ಮನೆಗೆ ಕೊಡಿ. ಮುಂದಿನ ವರ್ಷ ಇದೇ ಹೊತ್ತಿಗೆ ನಾನೋ ಅಣ್ಣನೋ ನಿಮ್ಮ ಮನೆಯ ಮುಂದೆ ಬರುತ್ತೇವೆ. ಅವಳು ನನ್ನನ್ನು ಕೇಳಿದ್ದನ್ನೇ ನಿಮ್ಮನ್ನೂ ಕೇಳುತ್ತೇವೆ. ನಾನು ಹೇಳಿದ ಹಾಗೆ ಸುಳ್ಳು ಹೇಳಬೇಡಿ.

ಹಾಕಿದ್ರಾ?